ನಿಧನ ವಾರ್ತೆಗೆ ಇನ್ನೂ ನಾಲ್ಕು ಸಾಲು ಬೇಕು

ಸಂಪಾದಕರಿಗೆ ನಮಸ್ಕಾರಗಳು.

ಕರಾವಳಿಯ ಮನೆಗಳಲ್ಲಿ ಬೆಳಗ್ಗೆ ಪತ್ರಿಕೆ ಬಂದ ಕೂಡಲೇ ಹಿರಿಯರು ಮೊದಲು ತೆರೆಯುವುದು ನಿಧನ ವಾರ್ತೆಯ ಪುಟವನ್ನು. ಅಂಚೆಚೀಟಿಯಷ್ಟು ಫೋಟೋ, ಕೆಳಗೆ ಹೆಸರು, ಆವರಣದೊಳಗೆ ವಯಸ್ಸು. ಆಮೇಲೆ, ‘ಅಲ್ಪಕಾಲದ ಅಸೌಖ್ಯದಿಂದ ಸ್ವಗೃಹದಲ್ಲಿ ನಿಧನ ಹೊಂದಿದರು. ಮೃತರು ಇಬ್ಬರು ಪುತ್ರರು, ಮೂವರು ಪುತ್ರಿಯರು ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ.’ ಎಂಬತ್ತು ತೊಂಬತ್ತು ವರ್ಷ ಬದುಕಿದವರ ಬಗ್ಗೆ ಅಚ್ಚಾಗುವುದು ಹೆಚ್ಚಿನ ಸಲ ಇಷ್ಟೇ. ಅದೂ ಜನ್ಮಕ್ಕೆ ಒಂದೇ ಬಾರಿ. ದಕ್ಷಿಣ ಕನ್ನಡ, ಉಡುಪಿಯ ಹಳ್ಳಿಗಳಲ್ಲಿ ನಿಧನ ಸುದ್ದಿ ಬರೆದು ಕಳಿಸುವ, ಉತ್ತರಕ್ರಿಯೆಯ ದಿನ ನುಡಿನಮನ ಸಿದ್ಧಪಡಿಸುವ ಕೆಲಸ ನಮ್ಮದಾದ ಕಾರಣ ಈ ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಪ್ರಕಟಿಸಬೇಕು.

ತೀರಿಕೊಂಡವರ ಬಗ್ಗೆ ಬರೆದಿಡುವುದು ಈ ನಾಡಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ 10ನೇ ಶತಮಾನದ ಕಲ್ಲಿನಲ್ಲಿ ಕಾಡುಹಂದಿಯೊಡನೆ ಕಾದು ಸತ್ತ ನಾಯಿಯ ಹೆಸರು ‘ಕಾಳಿ’ ಎಂದು ಕೆತ್ತಿದ್ದಾರೆ. ಅದರ ಒಡೆಯ ಮಣಲೆರನ ಹೆಸರೂ ಅಲ್ಲಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿದಿ ಶಾಸನಗಳಲ್ಲಿ ವ್ರತ ಹಿಡಿದು ದೇಹ ಬಿಟ್ಟ ಮುನಿಗಳ ಜತೆಗೆ ಕಂತಿಯರ (ಜೈನ ಸನ್ಯಾಸಿನಿಯರ) ಹೆಸರುಗಳೂ ಇವೆ. ಬಂಡೆಯ ಮೇಲೆ ಒಂದೊಂದು ಅಕ್ಷರವನ್ನೂ ಉಳಿ ಹಿಡಿದು ಕೆತ್ತಬೇಕಾಗಿದ್ದ ಕಾಲದಲ್ಲೂ ಯಾರು, ಎಲ್ಲಿಯವರು, ಏನು ಮಾಡಿದರು ಎಂಬುದನ್ನು ಬಿಡಲಿಲ್ಲ. ನಮ್ಮ ಇಂದಿನ ನಾಲ್ಕು ಸಾಲುಗಳಲ್ಲಿ ಬಿಟ್ಟುಹೋಗುತ್ತಿರುವುದು ಆ ಕೊನೆಯದು, ಏನು ಮಾಡಿದರು ಎಂಬುದು.

ಇದಕ್ಕೆ ಯಾರ ಉದಾಸೀನವೂ ಕಾರಣವಲ್ಲ. ಸಾವಿನ ಮನೆಯಿಂದ ಸಂಜೆ ಏಳರ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೋ ಮತ್ತು ಮೂರು ಸಾಲು ಹೊರಡುತ್ತದೆ. ಬರೆದವರು ಮಗನ ಸ್ನೇಹಿತರೋ ನೆರೆಯ ಹುಡುಗನೋ ಆಗಿರುತ್ತಾರೆ. ಅವರಿಗೆ ಗೊತ್ತಿರುವುದು ಮಕ್ಕಳ ಲೆಕ್ಕ ಮಾತ್ರ. ಪುಟ ಕಟ್ಟುವ ಹೊತ್ತು ಹತ್ತಿರವಾಗಿರುವುದರಿಂದ ಬಾತ್ಮೀದಾರರಿಗೆ ಮರಳಿ ಕೇಳಲು ಬಿಡುವಿಲ್ಲ. ಹೀಗಾಗಿ ಹಳೆಯ ಅಚ್ಚಿನೊಳಗೆ ಹೊಸ ಹೆಸರು ಕೂರುತ್ತದೆ. ಆದರೆ ಸುದ್ದಿ ಅಚ್ಚಾದ ಮೇಲೆ ಉತ್ತರಕ್ರಿಯೆಯ ವರೆಗೆ ಹನ್ನೊಂದೋ ಹದಿಮೂರೋ ಹದಿನಾರೋ ದಿನ ಇರುತ್ತದಲ್ಲ, ಆ ದಿನಗಳು ಬಹಳ ಬೆಲೆಯುಳ್ಳವು. ಮುಂಬೈ, ಬೆಂಗಳೂರು, ಗಲ್ಫಿನಿಂದ ಬಂದವರು, ಎಂಟು ಮೈಲಿ ದೂರಕ್ಕೆ ಮದುವೆಯಾಗಿ ಹೋದ ತಂಗಿ, ಜತೆಯಲ್ಲಿ ಗದ್ದೆಗಿಳಿದವರು, ಎಲ್ಲರೂ ಒಂದೇ ಚಾವಡಿಯಲ್ಲಿ ಸಿಗುತ್ತಾರೆ. ಬೊಜ್ಜದ (ಉತ್ತರಕ್ರಿಯೆಯ) ಊಟ ಮುಗಿದು ಕೈ ತೊಳೆದ ಮೇಲೆ ಅಷ್ಟು ಜನ ಮತ್ತೆ ಒಟ್ಟಾಗುವುದಿಲ್ಲ. ಅವರಲ್ಲಿ ಕೆಲವರು ಮುಂದಿನ ಮಳೆಗಾಲ ಕಾಣುವುದಿಲ್ಲ.

ಮೊದಲ ಮೂರು ದಿನ ಏನೂ ಕೇಳಬಾರದು. ಬೂದಿ ಮುಚ್ಚುವ ದಿನ ಕಳೆದು ಮನೆ ಸ್ವಲ್ಪ ಹಗುರಾದ ಮೇಲೆ, ಐದರಿಂದ ಒಂಬತ್ತನೆಯ ದಿನದೊಳಗೆ ಒಂದು ಮಧ್ಯಾಹ್ನ ಕೂರಬೇಕು. ಎರಡು ಗಂಟೆ ಸಾಕು. ಕೇಳುವವರು ಒಬ್ಬರು, ಬರೆದುಕೊಳ್ಳುವವರು ಇನ್ನೊಬ್ಬರು. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಹೇಳಿ, ಒಪ್ಪಿಗೆ ಪಡೆದು ಮಾಡಬೇಕು. ಫ್ಯಾನ್ ನಿಲ್ಲಿಸಿ, ಫೋನನ್ನು ಮಾತಾಡುವವರಿಂದ ಒಂದು ಮೊಳ ದೂರದಲ್ಲಿ ಬಟ್ಟೆಯ ಮೇಲೆ ಇಡಬೇಕು. ನೇರ ಮರದ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನ ಹಾಗೆ ಕೇಳಿಸುತ್ತದೆ.

ಎಲ್ಲರೂ ಮಾಡುವ ತಪ್ಪೆಂದರೆ ಹಿರಿಯ ಮಗನನ್ನೇ ಕೇಳುವುದು. ಮಕ್ಕಳಿಗೆ ಅಪ್ಪ ಅಮ್ಮನ ಮೂವತ್ತರ ನಂತರದ ಬದುಕು ಮಾತ್ರ ಗೊತ್ತಿರುತ್ತದೆ. ಅದಕ್ಕಿಂತ ಹಿಂದಿನದು ಒಡಹುಟ್ಟಿದವರಿಗೆ, ಸರಿಪ್ರಾಯದ ನೆರೆಯವರಿಗೆ, ಜತೆಯಲ್ಲಿ ದುಡಿದವರಿಗೆ ಗೊತ್ತು. ಆದ್ದರಿಂದ ಮೊದಲು ತಂಗಿ ಅಥವಾ ತಮ್ಮ, ಆಮೇಲೆ ಕೆಲಸದ ಒಡನಾಡಿ, ಕೊನೆಗೆ ಮಕ್ಕಳು. ‘ಅವರು ಹೇಗಿದ್ದರು?’ ಎಂದು ಕೇಳಿದರೆ ‘ಬಹಳ ಒಳ್ಳೆಯವರು’ ಎಂಬ ಉತ್ತರವೇ ಬರುತ್ತದೆ. ‘ಬೆಳಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು?’, ‘ಮೊದಲ ಸಂಬಳ ಎಷ್ಟು, ಯಾರು ಕೊಟ್ಟದ್ದು?’, ‘ಊರಿನವರು ಯಾವ ಕೆಲಸಕ್ಕೆ ಅವರನ್ನೇ ಕರೆಯುತ್ತಿದ್ದರು?’ ಎಂದು ಕೇಳಿ ನೋಡಿ, ಮಾತು ತಾನಾಗಿ ಹರಿಯುತ್ತದೆ. ಮೂರನೆಯ ಪ್ರಶ್ನೆಯಿಂದ ಹೊರಟಷ್ಟು ಮಾಹಿತಿ ಇನ್ಯಾವುದರಿಂದಲೂ ಹೊರಡುವುದಿಲ್ಲ. ಬಾವಿಗೆ ಬಿದ್ದ ಕೊಡಪಾನ ತೆಗೆಯಲು, ದನ ಕರು ಹಾಕುವಾಗ ತೊಡಕಾದರೆ, ಮದುವೆಯಲ್ಲಿ ಅನ್ನದ ಅಂದಾಜು ಹೇಳಲು, ಪೇಟೆಯ ಆಸ್ಪತ್ರೆಗೆ ಜತೆ ಹೋಗಲು ಪ್ರತಿ ಊರಿನಲ್ಲೂ ಒಬ್ಬೊಬ್ಬರು ಇರುತ್ತಾರೆ. ಅವರು ಹೋದ ಮೇಲೆ ಆ ಕೆಲಸಕ್ಕೆ ಜನವಿರುವುದಿಲ್ಲ. ಸುದ್ದಿ ಅಂದರೆ ಅದು.

ಇನ್ನು ವಯಸ್ಸು. ಆವರಣದೊಳಗಿನ ಆ ಎರಡಂಕಿ ತಪ್ಪಾಗಿರುವುದೇ ಹೆಚ್ಚು. ಹಳೆಯ ತಲೆಮಾರಿನವರಲ್ಲಿ ಎಷ್ಟೋ ಜನರ ಶಾಲಾ ದಾಖಲೆಯಲ್ಲಿ ಜೂನ್ 1 ಎಂದಿರುತ್ತದೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡದ್ದು. ಶಾಲೆಗೇ ಹೋಗದವರ ಆಧಾರ್‌ನಲ್ಲಿ ಜನವರಿ 1 ಎಂದಿದ್ದರೆ, ವರ್ಷ ಮಾತ್ರ ಹೇಳಿದಾಗ ಕೂಡಿಸಿದ ದಿನ ಅದು. ಇವೆರಡನ್ನೂ ನಂಬಬೇಡಿ. ‘ವಿಕ್ರಮ ಸಂವತ್ಸರದ ಆಟಿಯಲ್ಲಿ ಹುಟ್ಟಿದ್ದಂತೆ’ ಎಂದು ಮನೆಯ ಅಜ್ಜಿ ಹೇಳಿದರೆ ಅದು ಹೆಚ್ಚು ಗಟ್ಟಿ. ಪ್ರಭವ 1927–28 ಎಂದಿಟ್ಟುಕೊಂಡು ಎಣಿಸುತ್ತ ಬಂದರೆ ವಿಕ್ರಮ 1940–41, ಪಾರ್ಥಿವ 1945–46, ಸರ್ವಜಿತ್ 1947–48. ತುಳು ತಿಂಗಳು ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಅಲ್ಲಿಗೆ 1940ರ ಮಳೆಗಾಲ ಎಂದಾಯಿತು. ಸಂವತ್ಸರ ಬದಲಾಗುವುದು ಯುಗಾದಿಗೆ. ಆದ್ದರಿಂದ ಪುಯಿಂತೆಲ್, ಮಾಯಿ ತಿಂಗಳಲ್ಲಿ (ಜನವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ) ಹುಟ್ಟಿದವರಿಗೆ ಇಂಗ್ಲಿಷ್ ವರ್ಷವನ್ನು ಒಂದು ಮುಂದಕ್ಕೆ ಹಾಕಬೇಕು. ಇದನ್ನು ಮರೆತು ವಯಸ್ಸನ್ನು ಒಂದು ವರ್ಷ ಹೆಚ್ಚು ಬರೆದವರು ಬಹಳ ಮಂದಿ. ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಹಾಗಾಗಿ ಅರುವತ್ತರ ಹೆಚ್ಚುಕಡಿಮೆ ಆಗದಂತೆ ಮಾತ್ರ ನೋಡಿಕೊಂಡರೆ ಸಾಕು.

ಸಂವತ್ಸರ ಗೊತ್ತಿಲ್ಲದಿದ್ದರೆ ಘಟನೆ ಹಿಡಿದು ಹೋಗಬೇಕು. ಗಾಂಧೀಜಿ ತೀರಿಕೊಂಡಾಗ, ಅಂದರೆ 1948ರ ಜನವರಿ 30ರಂದು, ನಡೆದಾಡುವ ಮಗುವೋ ಶಾಲೆಗೆ ಹೋಗುವ ಮಗುವೋ? 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ಎಷ್ಟನೆಯ ಕ್ಲಾಸು? 1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂದಾಗ ದುಡಿಯಲು ಹೋಗುತ್ತಿದ್ದರೇ? 1974ರ ನೇತ್ರಾವತಿ ನೆರೆಗೆ ಮಕ್ಕಳು ಎಷ್ಟು? 1980ರ ಫೆಬ್ರುವರಿ 16ರ ಸೂರ್ಯಗ್ರಹಣದ ದಿನ ಬಾಗಿಲು ಹಾಕಿ ಕುಳಿತಾಗ ಮನೆಯಲ್ಲಿ ಯಾರು ಯಾರು ಇದ್ದರು? ಇವುಗಳಲ್ಲಿ ಎರಡಕ್ಕೆ ಉತ್ತರ ಸಿಕ್ಕಿದರೆ ವಯಸ್ಸು ಒಂದೆರಡು ವರ್ಷದ ಒಳಗೆ ಬಂದು ನಿಲ್ಲುತ್ತದೆ. ಕ್ರೈಸ್ತ ಮನೆಗಳಲ್ಲಿ ಇಷ್ಟು ಕಷ್ಟವಿಲ್ಲ. ಇಗರ್ಜಿಯ ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಹುಟ್ಟಿದ ದಿನ, ತಂದೆ ತಾಯಿ, ಜ್ಞಾನಸ್ನಾನಕ್ಕೆ ನಿಂತ ಧರ್ಮತಾಯಿ ಧರ್ಮತಂದೆಯರ ಹೆಸರು ಎಲ್ಲ ಸಿಗುತ್ತದೆ. ಕೊನೆಗೂ ಖಚಿತವಾಗದಿದ್ದರೆ ‘ಸುಮಾರು 85’ ಎಂದು ಬರೆಯುವುದೇ ಮರ್ಯಾದೆ.

ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಮರಣ ನೋಂದಣಿಗೆ 21 ದಿನದ ಅವಧಿ ಇದೆ, ಅದರೊಳಗಾದರೆ ವಿಳಂಬ ಶುಲ್ಕವಿಲ್ಲ. ಅಲ್ಲಿ ಕೊಡುವ ಹೆಸರು ಆಧಾರ್, ಪಹಣಿ, ಬ್ಯಾಂಕ್ ಪುಸ್ತಕದ ಹೆಸರಿಗೆ ತಾಳೆಯಾಗಬೇಕು. ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಪೌತಿ ಖಾತೆಗೆ (ಜಾಗವನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಹೋದಾಗ ‘ಇಬ್ಬರೂ ಒಬ್ಬರೇ’ ಎಂದು ಅಫಿಡವಿಟ್ ಮಾಡಿಸಿ ಅಲೆಯಬೇಕಾಗುತ್ತದೆ. ನೆನಪಿನ ಬರಹಕ್ಕೆಂದು ಹೆಸರು, ಮನೆ ಹೆಸರು, ಕರೆಯುವ ಹೆಸರು ಮೂರನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರೆ ಆ ಹಾಳೆ ಇಲ್ಲಿಗೂ ಆಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ‘ಪ್ರಗತಿಪರ ಕೃಷಿಕ’, ‘ಕೊಡುಗೈ ದಾನಿ’, ‘ಅಜಾತಶತ್ರು’, ‘ಸರಳ ಸಜ್ಜನಿಕೆಯ ವ್ಯಕ್ತಿ’. ಈ ಮಾತುಗಳು ಯಾರಿಗೂ ಒಪ್ಪುತ್ತವೆ, ಆದ್ದರಿಂದಲೇ ಯಾರನ್ನೂ ಹೇಳುವುದಿಲ್ಲ. ಕೃಷಿಕರೆಂದರೆ ಏಣೇಲು, ಸುಗ್ಗಿ, ಕೊಳಕೆ ಮೂರು ಬೆಳೆಯನ್ನೂ ತೆಗೆಯುತ್ತಿದ್ದರೇ? ಯಾವ ತಳಿಯ ಬೀಜ ಉಳಿಸಿಕೊಂಡಿದ್ದರು, ಕಯಮೆಯೋ ಅತಿಕರಾಯವೋ ಗಂಧಸಾಲೆಯೋ? ಅಕ್ಕಿಮುಡಿ ಕಟ್ಟಲು ಬರುತ್ತಿತ್ತೇ, ಯಾರಿಗಾದರೂ ಕಲಿಸಿದ್ದಾರೆಯೇ? ಗದ್ದೆ ತೋಟವಾದದ್ದು ಯಾವ ವರ್ಷ, ಕೂಲಿಯವರು ಸಿಗದೆಯೋ ನೀರು ಸಾಲದೆಯೋ? ಬಂಟ್ವಾಳ, ಪುತ್ತೂರು, ಕಾಸರಗೋಡಿನ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ತೋಡಿದವರಾದರೆ ಎಷ್ಟು ಕೋಲು ಉದ್ದ, ಯಾರ ಜಾಗದಲ್ಲಿ, ಈಗಲೂ ನೀರಿದೆಯೇ ಎಂಬುದನ್ನು ಬರೆಯಬೇಕು. ಸುರಂಗದ ಒಳಗೆ ಎಲ್ಲಿ ಮಣ್ಣು ಮೆತ್ತಗಿದೆ, ಎಲ್ಲಿ ಕವಲಾಗಿದೆ ಎಂಬುದು ತೋಡಿದವರಿಗಲ್ಲದೆ ಬೇರೆಯವರಿಗೆ ಗೊತ್ತಿರುವುದಿಲ್ಲ. ಜತೆಗಾರ ಬದುಕಿದ್ದರೆ ಅವನಿಂದ ಒಂದು ನಕ್ಷೆ ಬರೆಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ.

ಯಕ್ಷಗಾನ ಕಲಾವಿದರಿಗೆ ‘ನಾಲ್ಕು ದಶಕಗಳ ಕಲಾಸೇವೆ’ ಎಂದು ಬರೆದು ಮುಗಿಸುತ್ತಾರೆ. ಮೇಳದವರ ಲೆಕ್ಕವೇ ಬೇರೆ. ಅದು ತಿರುಗಾಟದ ಲೆಕ್ಕ. ದೀಪಾವಳಿ ಕಳೆದು ಹೊರಟ ಮೇಳ ಪತ್ತನಾಜೆಗೆ (ತುಳುವಿನ ಬೇಶ ತಿಂಗಳ ಹತ್ತನೆಯ ದಿನ) ಗೆಜ್ಜೆ ಬಿಚ್ಚಿದರೆ ಒಂದು ತಿರುಗಾಟ. ಯಾವ ಮೇಳದಲ್ಲಿ ಎಷ್ಟು ತಿರುಗಾಟ, ತೆಂಕೋ ಬಡಗೋ, ಪುಂಡುವೇಷವೋ ಸ್ತ್ರೀವೇಷವೋ ಬಣ್ಣದ ವೇಷವೋ, ಗುರು ಯಾರು, ಮಳೆಗಾಲದಲ್ಲಿ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಎಂದು ಬರೆದರೆ ಅರ್ಧ ಪ್ಯಾರಾದಲ್ಲಿ ಇಡೀ ಬದುಕು ಬಂತು. ಪಿಗ್ಮಿ ಸಂಗ್ರಾಹಕರದೂ ಹಾಗೆಯೇ. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಉಳಿತಾಯದ ಹಣ ಪಡೆಯುವ ಆ ಯೋಜನೆ 1928ರಲ್ಲಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ. ಅದನ್ನು ನಡೆಸಿದ್ದು ಕಾಲ್ನಡಿಗೆಯಲ್ಲಿ, ಆಮೇಲೆ ಸೈಕಲಿನಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿದವರು. ಅವರ ದಾರಿ ಯಾವುದು, ದಿನಕ್ಕೆ ಎಷ್ಟು ಮನೆ, ಲೆಕ್ಕ ತಾಳೆಯಾಗದ ರಾತ್ರಿ ಏನು ಮಾಡುತ್ತಿದ್ದರು ಎಂದು ಅವರ ಹೆಂಡತಿಗೆ ಗೊತ್ತಿರುತ್ತದೆ. ಮುಂಬೈಗೆ ಹೋದವರ ಬಗ್ಗೆ ‘ಹೋಟೆಲ್ ಉದ್ಯೋಗಿಯಾಗಿದ್ದರು’ ಎಂದಷ್ಟೇ ಬಂದರೆ ಸಾಲದು. ಎಷ್ಟನೆಯ ವಯಸ್ಸಿಗೆ ಹೊರಟರು, ಯಾರ ಕೈ ಹಿಡಿದು, ಲೋಟ ತೊಳೆಯುವುದರಿಂದ ಗಲ್ಲೆಗೆ ಬರಲು ಎಷ್ಟು ವರ್ಷ ಬೇಕಾಯಿತು, ಕನ್ನಡದ ರಾತ್ರಿ ಶಾಲೆಗೆ ಹೋಗಿದ್ದರೇ?

ಹೆಂಗಸರ ವಿಷಯಕ್ಕೆ ಬಂದರೆ ನಮ್ಮ ಪುಟ ನಿಜಕ್ಕೂ ಬಡವಾಗಿದೆ. ‘ದಿವಂಗತ ಇಂಥವರ ಧರ್ಮಪತ್ನಿ’ ಎಂದು ಶುರುವಾಗಿ ‘ಗೃಹಿಣಿ’ ಎಂದು ಮುಗಿಯುತ್ತದೆ. ಬಂಟರು, ಬಿಲ್ಲವರು, ಮೊಗವೀರರು ಸೇರಿ ಹಲವು ಸಮುದಾಯಗಳು ಅಳಿಯಕಟ್ಟಿನವು. ಮನೆತನ, ಬಳಿ (ಕುಲ) ಬರುವುದೇ ತಾಯಿಯಿಂದ. ಅಂಥ ಮನೆಯಲ್ಲಿಯೂ ಆಕೆಯ ಸ್ವಂತ ಮನೆ ಹೆಸರು ಸುದ್ದಿಯಲ್ಲಿ ಇರುವುದಿಲ್ಲ. ಹುಟ್ಟಿದ ಊರು, ತಾಯಿ ಮನೆಯ ಹೆಸರು, ತಾಯಿಯ ಹೆಸರು ಇವು ಮೊದಲ ಸಾಲಿನಲ್ಲಿ ಬರಲೇಬೇಕು. ಕೆಲಸದ ಮಾತಿಗೆ ಬಂದರೆ, ಈ ಜಿಲ್ಲೆಗಳಲ್ಲಿ ಒಂದು ಇಡೀ ತಲೆಮಾರು ಓದಿದ್ದು ಬೀಡಿಯ ದುಡ್ಡಿನಲ್ಲಿ. ರಾತ್ರಿ ಎಲೆ ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಬೆಳಗ್ಗೆ ತಗಡಿನ ಅಳತೆಗೆ ಕತ್ತರಿಸಿ, ಮಡಿಲ ತಡ್ಪೆಯಲ್ಲಿ (ಮೊರದಲ್ಲಿ) ಹೊಗೆಸೊಪ್ಪು ಹರಡಿ, ಸುರುಳಿ ಸುತ್ತಿ, ತಲೆ ಮಡಚಿ, ನೂಲು ಕಟ್ಟಿ ಇಪ್ಪತ್ತೈದರ ಕಟ್ಟು ಮಾಡುವ ಕೆಲಸ. ಎಲೆ ಒಣಗಿದರೆ ಸುತ್ತುವಾಗ ಸೀಳುತ್ತದೆ, ನೀರು ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಎರಡನ್ನೂ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ತೆಗೆದು ಪಕ್ಕಕ್ಕಿಡುತ್ತಾರೆ, ಅಷ್ಟು ಮಜೂರಿ ಹೋಯಿತು. ಈ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡು ನಲವತ್ತು ವರ್ಷ ಮನೆ ನಡೆಸಿದವರನ್ನು ಒಂದೇ ಶಬ್ದದಲ್ಲಿ ‘ಗೃಹಿಣಿ’ ಎನ್ನುವುದು ತಪ್ಪು. ಬೀಡಿಯ ಪಾಸ್‌ಪುಸ್ತಕ, ಭವಿಷ್ಯನಿಧಿಯ ಚೀಟಿ ಟ್ರಂಕಿನಲ್ಲಿ ಇದ್ದೇ ಇರುತ್ತದೆ. ಕೆಲಸಕ್ಕೆ ಸೇರಿದ ವರ್ಷಕ್ಕೆ ಅದೇ ಆಧಾರ.

ಮಾದರಿಗೆ ಒಂದು ಸುದ್ದಿ ಹೀಗಿರಬಹುದು. ‘(ಹೆಸರು, ಮನೆ ಹೆಸರು, ಊರು) ಸೋಮವಾರ ತೀರಿಕೊಂಡರು. ಸುಮಾರು 84 ವರ್ಷ. ಹುಟ್ಟಿದ್ದು (ತಾಯಿ ಮನೆ). ಹದಿನಾರನೆಯ ವಯಸ್ಸಿನಿಂದ ಕಣ್ಣು ಮಂಜಾಗುವವರೆಗೆ ಬೀಡಿ ಕಟ್ಟಿದರು, ದಿನಕ್ಕೆ 800ರ ಲೆಕ್ಕದಲ್ಲಿ. ಆ ಆದಾಯದಲ್ಲಿ ಐವರು ಮಕ್ಕಳು ಹೈಸ್ಕೂಲು ಮುಗಿಸಿದರು. ನಾಟಿಯ ಗದ್ದೆಯಲ್ಲಿ ಪಾಡ್ದನ ಎತ್ತಿಕೊಡುತ್ತಿದ್ದವರು ಇವರೇ. ಊರಿನ ಬಾಣಂತಿಯರ ಆರೈಕೆಗೆ ಕರೆದಲ್ಲಿ ಹೋಗುತ್ತಿದ್ದರು. ಇಬ್ಬರು ಪುತ್ರರು, ಮೂವರು ಪುತ್ರಿಯರು ಇದ್ದಾರೆ.’ ಸುಮಾರು ನಲವತ್ತು ಶಬ್ದ. ಈಗ ಅಚ್ಚಾಗುವ ಸುದ್ದಿಗಿಂತ ನಾಲ್ಕು ಸಾಲು ಹೆಚ್ಚು, ಅಷ್ಟೇ.

ಪಾಡ್ದನದ (ತುಳುವಿನ ಕಥನಗೀತೆಯ) ಮಾತು ಬಂದದ್ದರಿಂದ ಇನ್ನೊಂದು. ಮಾಚಾರು ಗೋಪಾಲ ನಾಯ್ಕರು ಬದುಕಿದ್ದಾಗಲೇ, 1990ರಲ್ಲಿ, ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ಇಲ್ಲಿನ ವಿದ್ವಾಂಸರಾದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರೊಡನೆ ಕುಳಿತು ನಾಯ್ಕರ ಬಾಯಿಂದ ಸಿರಿ ಪಾಡ್ದನವನ್ನು ಧ್ವನಿಮುದ್ರಿಸಿಕೊಂಡರು. ಅಚ್ಚಾದಾಗ ಅದು 15,683 ಸಾಲು. ಒಬ್ಬ ಕೃಷಿಕರ ನೆನಪಿನಲ್ಲಿ ಅಷ್ಟಿತ್ತು. ನಮ್ಮ ಅಕ್ಕಪಕ್ಕದ ಮನೆಗಳಲ್ಲಿ ಹಾಡುವವರು ತೀರಿಕೊಂಡಾಗ ಯಾವ ಪಾಡ್ದನ, ಯಾರಿಂದ ಕಲಿತದ್ದು, ಜತೆಗೆ ದನಿ ಸೇರಿಸುತ್ತಿದ್ದವರು ಯಾರು ಎಂಬುದನ್ನಾದರೂ ಬರೆದುಕೊಳ್ಳಬೇಕು. ದನಿ ಸೇರಿಸುತ್ತಿದ್ದವರಿಗೆ ಅರ್ಧ ಹಾಡು ಇನ್ನೂ ನೆನಪಿರುತ್ತದೆ.

ನುಡಿನಮನದ ವೇದಿಕೆಯ ಬಗ್ಗೆ ಹೇಳಬೇಕಾದ್ದು ಬಹಳ ಇದೆ. ಹನ್ನೊಂದೂವರೆಗೆ ಎಂದು ಕರೆದ ಸಭೆ ಗಣ್ಯರಿಗಾಗಿ ಕಾದು ಹನ್ನೆರಡೂಕಾಲಕ್ಕೆ ಶುರುವಾಗುತ್ತದೆ, ಒಂದು ಗಂಟೆಗೆ ಎಲೆ ಹಾಕಬೇಕು. ಆರು ಮಂದಿ ಭಾಷಣಕಾರರು. ಮೊದಲಿನವರು ‘ಜಾತಸ್ಯ ಹಿ ಧ್ರುವೋ ಮೃತ್ಯುಃ’ ಎಂದು ಆರಂಭಿಸಿ ಹುಟ್ಟು ಸಾವಿನ ತತ್ತ್ವ ಹೇಳುತ್ತಾರೆ, ನಂತರದವರೂ ಅದನ್ನೇ. ತೀರಿಕೊಂಡವರನ್ನು ನಿಜವಾಗಿ ಬಲ್ಲವರು ಹಿಂದಿನ ಸಾಲಿನ ಕುರ್ಚಿಯಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಇದನ್ನು ಸರಿಪಡಿಸುವುದು ಕಷ್ಟವಿಲ್ಲ. ಮೂವರು ಸಾಕು: ಬರೆದುಕೊಂಡ ಬದುಕನ್ನು ಓದುವವರು ಒಬ್ಬರು, ಕೆಲಸದ ಒಡನಾಡಿ ಒಬ್ಬರು, ಮನೆಯವರ ಪರವಾಗಿ ಒಬ್ಬರು. ನಿಧಾನವಾಗಿ ಓದಿದರೆ ನಿಮಿಷಕ್ಕೆ ತೊಂಬತ್ತು ನೂರು ಶಬ್ದ ಆಗುತ್ತದೆ. ಎಂಟು ನಿಮಿಷಕ್ಕೆ ಏಳೆಂಟುನೂರು ಶಬ್ದ. ಅಕ್ಷರ ದೊಡ್ಡದಾಗಿರಲಿ, ಶಾಮಿಯಾನದ ನೆರಳಿನಲ್ಲಿ, ಕಣ್ಣು ತುಂಬಿದಾಗ ಸಣ್ಣ ಅಕ್ಷರ ಕಾಣುವುದಿಲ್ಲ. ಗಣ್ಯರು ಬಂದರೆ ಪುಷ್ಪನಮನಕ್ಕೆ ಮೊದಲು ಕರೆದು ಗೌರವ ಕೊಡಿ, ಮೈಕು ಬೇಡ.

ಹಿಂದಿನ ರಾತ್ರಿ ಆ ಬರಹವನ್ನು ಮನೆಯ ಹಿರಿಯ ಹೆಂಗಸಿಗೆ ಓದಿ ಹೇಳಲೇಬೇಕು. ತಾರೀಕು ತಪ್ಪಿದ್ದರೆ, ಒಬ್ಬರ ಹೆಸರು ಬಿಟ್ಟುಹೋಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ಎಳವೆಯಲ್ಲೇ ತೀರಿಕೊಂಡ ಮಗುವಿನ ಹೆಸರು, ಮೊದಲ ಹೆಂಡತಿಯ ಹೆಸರು, ಮದುವೆಯಾಗದೆ ಮನೆಯಲ್ಲೇ ಉಳಿದು ಎಲ್ಲರ ಮಕ್ಕಳನ್ನು ಎತ್ತಿ ಆಡಿಸಿದ ಅಕ್ಕನ ಹೆಸರು ಬಿಟ್ಟುಹೋಗುವುದು ಹೆಚ್ಚು. ಹೇಳಬೇಕೋ ಬೇಡವೋ ಎಂಬುದನ್ನು ಮನೆಯವರೇ ತೀರ್ಮಾನಿಸಲಿ, ಆದರೆ ಕೇಳದೆ ಬಿಡಬಾರದು. ಹಾಗೆಯೇ ಕೆಲವು ವಾಕ್ಯಗಳು ಹೊಗಳಿಕೆಯಂತೆ ಕಂಡರೂ ಅಪಾಯದವು. ‘ಈ ಆಸ್ತಿಯನ್ನೆಲ್ಲ ಅವರೊಬ್ಬರೇ ದುಡಿದು ಮಾಡಿದ್ದು’ ಎಂದು ಮೈಕಿನಲ್ಲಿ ಹೇಳಿದರೆ, ಪಾಲುಪಟ್ಟಿ ಆಗದ ಕುಟುಂಬದಲ್ಲಿ ಎದುರಿಗೆ ಕುಳಿತ ತಮ್ಮಂದಿರಿಗೆ ಅದು ಬೇರೆಯಾಗಿಯೇ ಕೇಳಿಸುತ್ತದೆ. ಭೂಮಸೂದೆಯ, ಅಂದರೆ ಭೂಸುಧಾರಣೆ ಕಾನೂನಿನ, ಮಾತೂ ಅಷ್ಟೇ. 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಏಳನೇ ನಂಬ್ರ ಫಾರಂ ಕೊಟ್ಟು, ಭೂನ್ಯಾಯ ಮಂಡಳಿಯಲ್ಲಿ ಡಿಕ್ಲರೇಶನ್ ಮಾಡಿಸಿಕೊಂಡು ಜಾಗ ಪಡೆದದ್ದು ಈ ತಲೆಮಾರಿನ ಗೇಣಿದಾರರ ಬದುಕಿನ ಅತಿ ದೊಡ್ಡ ತಿರುವು. ಅದನ್ನು ಬರೆಯದಿದ್ದರೆ ಬರಹವೇ ಸುಳ್ಳು. ಆದರೆ ಒಡೆಯರ ಮನೆಯವರೂ ಅದೇ ಸಭೆಯಲ್ಲಿ ಇರುತ್ತಾರೆ. ವರ್ಷ, ಫಾರಂ, ಎಷ್ಟು ಎಕ್ರೆ ಎಂಬುದನ್ನು ಹೇಳಿ ನಿಲ್ಲಿಸಿದರೆ ಯಾರಿಗೂ ನೋವಾಗುವುದಿಲ್ಲ, ಸತ್ಯವೂ ಉಳಿಯುತ್ತದೆ.

ಕ್ರಿಯೆ ಮುಗಿದ ಮೇಲೆ ಮನೆ ಶುಚಿಗೊಳಿಸುವ ಭರದಲ್ಲಿ ಬಹಳಷ್ಟು ನಾಶವಾಗುತ್ತದೆ. ಹಾಸಿಗೆ ಬಟ್ಟೆಯ ಜತೆ ಹಳೆಯ ಡೈರಿ, ಲೆಕ್ಕದ ಪುಸ್ತಕ, ತಾಳೆಗರಿ, ಪ್ರಸಂಗದ ಕೈಬರಹ ಬೆಂಕಿಗೋ ಹೊಳೆಗೋ ಹೋಗುತ್ತವೆ. ಕಾಗದ ಮತ್ತು ಗರಿಯನ್ನು ಒಂದು ವರ್ಷ ಮುಟ್ಟಬೇಡಿ. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಅಟ್ಟದ ಬದಲು ಒಳಕೋಣೆಯಲ್ಲಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಂದೇ ಮಳೆಗಾಲಕ್ಕೆ ಬೂಷ್ಟು. ಯಕ್ಷಗಾನ, ಜಾನಪದ, ಹಸ್ತಪ್ರತಿಗೆ ಸಂಬಂಧಿಸಿದ್ದಾದರೆ ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಂಥ ಕಡೆ ಕೇಳಬಹುದು.

ಫೋಟೋಗಳಿಗೆ ಇನ್ನೂ ಅವಸರವಿದೆ. ಗುಂಪು ಫೋಟೋದಲ್ಲಿ ಯಾರು ಯಾರು ಎಂದು ಹೇಳಬಲ್ಲ ಕೊನೆಯ ಕಣ್ಣುಗಳು ಆ ಹದಿಮೂರು ದಿನ ಮನೆಯಲ್ಲಿರುತ್ತವೆ. ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಎಡದಿಂದ ಬಲಕ್ಕೆ ಹೆಸರು ಬರೆಯಬೇಕು. ಬಾಲ್‌ಪೆನ್ನು ಒತ್ತಿದರೆ ಮುಂಭಾಗದಲ್ಲಿ ಗೀರು ಏಳುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಮುಖದ ಪದರವೇ ಕಿತ್ತು ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಸಮೇತ ಜಗಲಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೆರಳು ಪ್ರತಿಫಲಿಸದ ಕೋನದಲ್ಲಿ ತೆಗೆಯಿರಿ. ಪಾಸ್‌ಪೋರ್ಟ್ ಅಳತೆಯದನ್ನು ಸ್ಟುಡಿಯೋದಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿದರೆ ದೊಡ್ಡದು ಮಾಡಬಹುದು. ಪತ್ರಿಕೆಗೆ ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಮಾಮೂಲಿ ಫೋಟೋ ಆಗಿ ಕಳಿಸಿದರೆ ಕುಗ್ಗಿ, ಅಚ್ಚಿನಲ್ಲಿ ಮುಖ ಕಪ್ಪು ಮುದ್ದೆಯಾಗುತ್ತದೆ. ಮನೆಯಲ್ಲಿರುವ ಕ್ಯಾಸೆಟ್‌ಗಳಲ್ಲಿ ಬೂಷ್ಟು ಕಂಡದ್ದನ್ನು ಪ್ಲೇಯರಿಗೆ ಹಾಕಬೇಡಿ, ಅದು ಹೆಡ್ಡಿಗೆ ಅಂಟಿ ಉಳಿದವಕ್ಕೂ ಹರಡುತ್ತದೆ. ಚೆನ್ನಾಗಿರುವುದನ್ನು ಮೊದಲ ಸಲ ಹಾಕುವಾಗಲೇ ಕಂಪ್ಯೂಟರಿಗೋ ಫೋನಿಗೋ ಮುದ್ರಿಸಿಕೊಳ್ಳಿ, ಎರಡನೆಯ ಸಲಕ್ಕೆ ಟೇಪು ತುಂಡಾಗಬಹುದು. ತೀರಿಕೊಂಡವರ ಮೊಬೈಲನ್ನು ಮೊಮ್ಮಕ್ಕಳಿಗೆ ಕೊಡುವ ಮೊದಲು ಅದರಲ್ಲಿನ ಧ್ವನಿ ಸಂದೇಶಗಳನ್ನು ಬೇರೆ ಕಡೆ ನಕಲು ಮಾಡಿ. ರೀಸೆಟ್ ಮಾಡಿದರೆ ಆ ದನಿ ಹೋಯಿತು.

ಬರಹ ಸಿದ್ಧವಾದ ಮೇಲೆ ಮೂರು ಪ್ರತಿ: ಮನೆಗೊಂದು, ಅವರು ಕಲಿತ ಶಾಲೆಗೊಂದು, ಪಂಚಾಯತ್ ಗ್ರಂಥಾಲಯಕ್ಕೊಂದು. ಇಂಕ್‌ಜೆಟ್ ಪ್ರಿಂಟು ನಮ್ಮ ತೇವಕ್ಕೆ ಹರಡುತ್ತದೆ, ಲೇಸರ್ ಆಗಲಿ. ಟೈಪ್ ಮಾಡುವುದು ಯೂನಿಕೋಡಿನಲ್ಲೇ ಆಗಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಮಾಡಿದ ಕಡತವನ್ನು ಬೇರೆ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ, ಹತ್ತು ವರ್ಷದ ನಂತರ ಹುಡುಕಿದರೂ ಹೆಸರು ಸಿಗುವುದಿಲ್ಲ.

ಪತ್ರಿಕೆಯಿಂದ ನಮ್ಮ ಕೋರಿಕೆ ಇಷ್ಟು. ನಿಧನ ಸುದ್ದಿಯನ್ನು ಫಾರ್ವರ್ಡ್ ಮಾಡಿದವರಿಗಲ್ಲದೆ ಮನೆಯವರೊಬ್ಬರಿಗೆ ಕರೆ ಮಾಡಿ ಖಚಿತಪಡಿಸಿಕೊಂಡೇ ಹಾಕಬೇಕು. ಒಂದೇ ಹೆಸರಿನ ಇಬ್ಬರಿರುವ ಊರಿನಲ್ಲಿ ಬದುಕಿರುವವರ ಫೋಟೋ ಅಚ್ಚಾದರೆ ಆ ಮನೆಯವರಿಗೆ ಆಗುವ ಸಂಕಟ ಮರುದಿನದ ತಿದ್ದುಪಡಿಯಿಂದ ಹೋಗುವುದಿಲ್ಲ. ಊರಿನ ಜತೆ ಮನೆ ಹೆಸರು ಹಾಕಿದರೆ ಈ ತಪ್ಪು ಬಹುಪಾಲು ನಿಲ್ಲುತ್ತದೆ. ಹುಟ್ಟಿದ ತಾರೀಕು, ಫೋನ್ ನಂಬರು, ಕ್ರಿಯೆಯ ದಿನ ಮನೆಮಂದಿಯೆಲ್ಲ ಬೇರೆ ಕಡೆ ಇರುತ್ತಾರೆ ಎಂಬ ವಿವರ ಬೇಡ, ಕಳ್ಳರೂ ಮೋಸಗಾರರೂ ಪತ್ರಿಕೆ ಓದುತ್ತಾರೆ. ಭಾನುವಾರಕ್ಕೆ ಅರ್ಧ ಪುಟ ಮೀಸಲಿಟ್ಟು, ಆ ವಾರ ತೀರಿಕೊಂಡ ಹಿರಿಯರಲ್ಲಿ ಇಬ್ಬರ ಬದುಕನ್ನು ಮುನ್ನೂರು ಶಬ್ದಗಳಲ್ಲಿ ಕೊಡಿ. ಹುದ್ದೆ ನೋಡಿ ಆರಿಸಬೇಡಿ. ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು, ಗೇರುಬೀಜ ಸುಲಿದವರು, ಅಂಚೆ ಹಂಚಿದವರು ಬರಲಿ.

ಮತ್ತೆ ನಿಧನ ಪುಟದ ಮೂಲೆಯಲ್ಲಿ, ಅಂಗೈಯಷ್ಟು ಜಾಗದಲ್ಲಿ, ವಾರಕ್ಕೊಮ್ಮೆ ಈ ಪ್ರಶ್ನೆಗಳನ್ನು ಅಚ್ಚು ಹಾಕಿ: ಪೂರ್ತಿ ಹೆಸರು ಮತ್ತು ಊರವರು ಕರೆಯುತ್ತಿದ್ದ ಹೆಸರೇನು? ಹುಟ್ಟಿದ ಮನೆ, ತಾಯಿಯ ಹೆಸರು? ಯಾವ ಕೆಲಸ, ಎಷ್ಟು ವರ್ಷ, ಎಲ್ಲಿ? ಆ ಕೆಲಸವನ್ನು ಯಾರಿಂದ ಕಲಿತರು, ಯಾರಿಗೆ ಕಲಿಸಿದರು? ಊರಿನವರು ಯಾವುದಕ್ಕೆ ಅವರನ್ನೇ ಕರೆಯುತ್ತಿದ್ದರು? ಸಾವಿನ ಮನೆಗೆ ಹೋಗುವವರು ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಹೋಗಲಿ.

ಇತಿ ನಿಮ್ಮ ವಿಶ್ವಾಸಿಗಳು,
ಹಳ್ಳಿಗಳಲ್ಲಿ ನಿಧನ ಸುದ್ದಿ, ನುಡಿನಮನ ಬರೆಯುವ ಕೆಲವರು
ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆ